ಒಂದೇ ಬೊಡ್ಡೆಯ ಎರಡು ಅಣಬೆ



ನಮ್ಮ ಮಲೆನಾಡಿನಲ್ಲಿ ಅಣಬೆ ಏಳುವುದು ಮಳೆಗಾಲದಲ್ಲಿ. ಯುರೋಪಿನಲ್ಲಿ ಅದರ ಸುಗ್ಗಿ ಶರತ್ಕಾಲ. ಸೆಪ್ಟೆಂಬರ್ ಬಂತೆಂದರೆ ಜರ್ಮನಿಯ ಕಾಡುಗಳಲ್ಲಿ ಬುಟ್ಟಿ ಹಿಡಿದ ಜನ ಕಾಣಸಿಗುತ್ತಾರೆ. ಅವರನ್ನು ತೊಡಕಿಗೆ ಸಿಲುಕಿಸುವುದು ಕಂದು ಬಣ್ಣದ ಪುಟ್ಟ ಅಣಬೆಗಳು. ತಜ್ಞರೂ ಬೇಸತ್ತು ಇಂಗ್ಲಿಷಿನಲ್ಲಿ ಇವಕ್ಕೆಲ್ಲ 'ಲಿಟಲ್ ಬ್ರೌನ್ ಮಶ್ರೂಮ್' ಎಂಬ ಒಂದೇ ಹೆಸರಿಟ್ಟು ಸುಮ್ಮನಾಗುವುದುಂಟು.

ಸುಮ್ಮನಾಗುವಂತಿಲ್ಲ. ಕೊಳೆತ ಮರದ ಬೊಡ್ಡೆಯ ಮೇಲೆ ಗುಂಪಾಗಿ ಏಳುವ 'ಸ್ಟಾಕ್‌ಶ್ವೆಮ್‌ಶೆನ್' ಜರ್ಮನರ ಮೆಚ್ಚಿನ ಸೂಪಿನ ಅಣಬೆ. ಅದೇ ಬೊಡ್ಡೆಯ ಮೇಲೆ ಗ್ಯಾಲರಿನಾ ಮಾರ್ಜಿನಾಟಾ ಎಂಬುದೂ ಏಳಬಹುದು. ಅದರ ಜರ್ಮನ್ ಹೆಸರು 'ಗಿಫ್ಟ್‌ಹಾಯ್‌ಬ್ಲಿಂಗ್'. ಆ ಭಾಷೆಯಲ್ಲಿ ಗಿಫ್ಟ್ ಎಂದರೆ ಉಡುಗೊರೆಯಲ್ಲ, ವಿಷ! ಎರಡಕ್ಕೂ ಜೇನುಗಂದು ಕೊಡೆ, ದಂಟಿಗೊಂದು ಬಳೆ.

ವ್ಯತ್ಯಾಸವಿರುವುದು ಬಳೆಯ ಕೆಳಗೆ. ಸೂಪಿನ ಅಣಬೆಯ ದಂಟಿನ ಮೇಲೆ ಕಂದು ಹುರುಪೆಗಳಿವೆ. ವಿಷದ್ದರಲ್ಲಿ ಬೆಳ್ಳಿಬಣ್ಣದ ನಾರುಗೆರೆಗಳು. ಆದರೆ ಕೈ ತಾಗಿದರೆ, ಮಳೆ ಹೊಡೆದರೆ ಹುರುಪೆ ಉದುರಿಹೋಗುತ್ತದೆ. ಹಾಗಾದರೆ ಬೀಜಕಣದ ಬಣ್ಣ ನೋಡಬಹುದಲ್ಲ ಎನ್ನುವವರಿದ್ದಾರೆ. ಕೊಡೆಯನ್ನು ಬಿಳಿ ಕಾಗದದ ಮೇಲೆ ಬೋರಲಿಟ್ಟು ಲೋಟ ಮುಚ್ಚಿಟ್ಟರೆ ಬೆಳಗಾಗುವುದರೊಳಗೆ ಬೀಜಕಣಗಳ ಅಚ್ಚು ಮೂಡುತ್ತದೆ. ಬೊಡ್ಡೆಯ ಮೇಲೆಯೇ ಬೆಳೆಯುವ ಹನಿ ಮಶ್ರೂಮನ್ನು ಹೀಗೆ ಬೇರ್ಪಡಿಸಬಹುದು, ಅದರ ಅಚ್ಚು ಬಿಳಿಚು. ಈ ಎರಡರ ವಿಷಯದಲ್ಲಿ ಉಪಾಯ ನಡೆಯದು; ಎರಡರದ್ದೂ ಕಂದು ಅಚ್ಚೇ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದರ ಕಣ ನುಣುಪು, ವಿಷದ್ದರ ಕಣ ಒರಟು. ಸೂಕ್ಷ್ಮದರ್ಶಕ ಹೊತ್ತು ಕಾಡಿಗೆ ಹೋಗುವವರು ಎಷ್ಟು ಮಂದಿ?

ಗ್ಯಾಲರಿನಾದಲ್ಲಿರುವುದು ಅಮಟಾಕ್ಸಿನ್. ಕುಖ್ಯಾತ 'ಡೆತ್ ಕ್ಯಾಪ್' ಅಣಬೆಯ ವಿಷವೂ ಇದೇ. ಬೇಯಿಸಿದರೂ ಒಣಗಿಸಿದರೂ ಅಳಿಯುವುದಿಲ್ಲ. ತಿಂದವರಿಗೆ ಆರೇಳು ಗಂಟೆ, ಕೆಲವೊಮ್ಮೆ ಒಂದು ದಿನ ಏನೂ ಆಗುವುದಿಲ್ಲ. ಆಮೇಲೆ ವಾಂತಿ, ಭೇದಿ. ಅದು ನಿಂತು ರೋಗಿ ಚೇತರಿಸಿಕೊಂಡಂತೆ ಕಾಣುತ್ತಾನೆ. ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೆ ಒಳಗೆ ಯಕೃತ್ತು ಕೆಡುತ್ತಿರುತ್ತದೆ. ಜೀವಕೋಶದಲ್ಲಿ ಆರ್‌ಎನ್‌ಎ ತಯಾರಿಸುವ ಕಿಣ್ವವೊಂದನ್ನು ಈ ವಿಷ ಕಟ್ಟಿಹಾಕುತ್ತದೆ. ಅದಿಲ್ಲದೆ ಪ್ರೋಟೀನಿಲ್ಲ, ಪ್ರೋಟೀನಿಲ್ಲದೆ ಕೋಶ ಬದುಕದು. ಆದ್ದರಿಂದ ವಾಂತಿ ನಿಂತಿತೆಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು, ಉಳಿದ ಅಣಬೆಯ ಸಮೇತ.

ಜರ್ಮನಿಯಲ್ಲಿ ಬುಟ್ಟಿ ಪರೀಕ್ಷಿಸಿ ಹೇಳುವ ತರಬೇತಾದ ಅಣಬೆ ಸಲಹೆಗಾರರಿದ್ದಾರೆ. ಅವರು ಕೇಳುವುದು ಬುಡಸಮೇತ ಕಿತ್ತ ಇಡೀ ಅಣಬೆ. ಚೊಕ್ಕವಾಗಿರಲೆಂದು ಕೊಡೆಯನ್ನಷ್ಟೇ ಕತ್ತರಿಸಿ ತಂದವರ ಬುಟ್ಟಿಯಲ್ಲಿ ಬಳೆಯ ಕೆಳಗಿನ ಗುರುತೇ ಇರುವುದಿಲ್ಲ. ಅದು ಕಾಡಿನಲ್ಲಿ, ಬೊಡ್ಡೆಯ ಮೇಲೆಯೇ ಉಳಿದಿರುತ್ತದೆ.