ನದಿ ದಂಡೆಯಲ್ಲೊಂದು ಬಾಡಿಗೆ ಮನೆ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ಹುಟ್ಟುಹಬ್ಬದ ದಿನ ನಾಡು, ನುಡಿ, ಸಂಸ್ಕೃತಿಗಳ ಬಗ್ಗೆ ಮಾತನಾಡುವುದು ವಾಡಿಕೆ. ಸಮಿತಿಯವರು ನನಗೆ ವಹಿಸಿರುವುದು ಮಾತ್ರ ಬಾಡಿಗೆ ಮನೆಯ ವಿಷಯ. ನನಗೇನೂ ಬೇಸರವಿಲ್ಲ. ಹೊಸದಾಗಿ ಹಾಲೆಂಡಿಗೆ ಬಂದ ಕನ್ನಡ ಕುಟುಂಬದವರು ನಮ್ಮಲ್ಲಿ ಯಾರಿಗಾದರೂ ಮೊದಲ ಸಲ ಫೋನು ಮಾಡಿದಾಗ ಕೇಳುವುದು ರಾಜ್ಯೋತ್ಸವ ಯಾವಾಗ ಎಂದಲ್ಲ, "ಸಾರ್, ಎಲ್ಲಾದರೂ ಮನೆ ಖಾಲಿ ಇದೆಯೆ?" ಎಂದು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು ಈ ದೇಶದಲ್ಲಿ ಮನೆ ಹುಡುಕಿದ್ದರೆ ಮೂರನೆಯದೊಂದನ್ನೂ ಸೇರಿಸುತ್ತಿದ್ದರು.

ನಾನಿರುವುದು ನೈಮೇಖನ್ ನಗರದ ಉತ್ತರಕ್ಕೆ, ವಾಲ್ ನದಿಯ ಆಚೆ ದಡದಲ್ಲಿರುವ ಲೆಂಟ್ ಎಂಬಲ್ಲಿ. ವಾಲ್ ಎಂದರೆ ಜರ್ಮನಿಯಿಂದ ಬರುವ ರೈನ್ ನದಿಯ ಅತಿ ದೊಡ್ಡ ಕವಲು. ಲೆಂಟ್ 1998ರಲ್ಲಿ ನೈಮೇಖನ್‌ಗೆ ಸೇರಿತು; ಇಂದಿಗೂ ಅದರ ಹಳೆಯ ಭಾಗ ಹಳ್ಳಿಯಂತೆಯೇ ಇದೆ. ನಗರದಲ್ಲಿ ಚಿಪ್ ತಯಾರಿಸುವ ಎನ್‌ಎಕ್ಸ್‌ಪಿ ಇದೆ, ರಾಡ್‌ಬೌಡ್ ವಿಶ್ವವಿದ್ಯಾಲಯವಿದೆ. ಹೀಗಾಗಿ ನಮ್ಮ ಕಡೆಯ ಹುಡುಗರು ಬರುತ್ತಾರೆ. ರೈಲು ಸೇತುವೆಯ ಪಕ್ಕಕ್ಕೇ 2004ರಲ್ಲಿ ಸೈಕಲ್ಲಿಗೆಂದೇ ಸೇತುವೆ ಕಟ್ಟಿದ್ದಾರೆ. ಲೆಂಟಿನಿಂದ ಊರಿನ ಪೇಟೆಗೆ ಹೋಗಲು ಕಾರು ಬೇಕಿಲ್ಲ. ಸಂಜೆ ಏರಿಯ ಮೇಲೆ ನಿಂತರೆ ಸರಕು ದೋಣಿಗಳು ಸಾಲಾಗಿ ಹೋಗುತ್ತವೆ, ಕೆಲವದರ ಮೇಲೆ ದೋಣಿಯವನ ಕಾರೂ ಇರುತ್ತದೆ, ಒಣಹಾಕಿದ ಬಟ್ಟೆಯೂ ಇರುತ್ತದೆ. ಎಂಜಿನ್ನಿನ ಸಣ್ಣ ಗುಡುಗು ಬಿಟ್ಟರೆ ಬೇರೆ ಸದ್ದಿಲ್ಲ. ಇಂಥ ಜಾಗದಲ್ಲಿ ಮನೆ ಸಿಕ್ಕಿದರೆ ಯಾರು ತಾನೆ ಬೇಡವೆಂದಾರು? ತೊಂದರೆ ಶುರುವಾಗುವುದೂ ಅಲ್ಲಿಂದಲೇ. ಕಿಟಕಿಯಿಂದ ನದಿ ಕಂಡ ಮೇಲೆ ಕರಾರು ಪತ್ರ ಕಣ್ಣಿಗೆ ಕಾಣುವುದಿಲ್ಲ.

ಮೊದಲು ಭಾಷೆಯ ತಮಾಷೆಯೊಂದನ್ನು ಹೇಳಿಬಿಡುತ್ತೇನೆ. ಡಚ್ಚರಲ್ಲಿ 'ಕಾಲ್' ಎಂಬ ಮಾತಿದೆ. ಹಾಗೆಂದರೆ ಬೋಳು. ತಲೆಗೂ ಅದೇ ಮಾತು, ಮನೆಗೂ ಅದೇ. ಜಾಹೀರಾತಿನಲ್ಲಿ 'ಕಾಲ್' ಎಂದಿದ್ದರೆ ಮಂಚ, ಮೇಜು ಇಲ್ಲವೆಂದಷ್ಟೇ ನಾವು ಅಂದುಕೊಳ್ಳುತ್ತೇವೆ. ಒಳಗೆ ಹೋಗಿ ನೋಡಿದರೆ ನೆಲವೇ ಇಲ್ಲ! ಬರಿಯ ಸಿಮೆಂಟು. ಚಾವಣಿಯಿಂದ ವೈರು ಜೋತಾಡುತ್ತಿರುತ್ತದೆ, ಬಲ್ಬಿಲ್ಲ. ಕಿಟಕಿಗೆ ಪರದೆಯಿಲ್ಲ. ಹಿಂದಿದ್ದವರು ತಮ್ಮ ಖರ್ಚಿನಲ್ಲಿ ಹಾಕಿಸಿದ ಮರದ ಹಾಸನ್ನು ಕಿತ್ತುಕೊಂಡು ಹೋಗಿರುತ್ತಾರೆ, ಅದು ಇಲ್ಲಿಯ ಪದ್ಧತಿ. ನೆಲಹಾಸು, ಪರದೆ ಇರುವ ಮನೆಗೆ 'ಖೆಸ್ಟೊಫೇರ್ಡ್' ಎನ್ನುತ್ತಾರೆ; ಸಾಮಾನು ಸಮೇತ ಸಿಗುವ ಮನೆ 'ಖೆಮ್ಯೂಬಿಲೇರ್ಡ್'. ಎರಡು ವರ್ಷಕ್ಕೆಂದು ಬಂದವರು ಬೋಳು ಮನೆ ಹಿಡಿದರೆ ನೆಲಕ್ಕೇ ಸಾವಿರಾರು ಯೂರೋ ಸುರಿಯಬೇಕಾದೀತು. ಬಾಡಿಗೆಗೂ ಇದೇ ಬೋಳಿನ ಲೆಕ್ಕ. 'ಬೋಳು ಬಾಡಿಗೆ' ಎಂದರೆ ಮನೆಯೊಂದರ ಬಾಡಿಗೆ ಮಾತ್ರ. ಮೆಟ್ಟಿಲು ಗುಡಿಸುವುದು, ಲಿಫ್ಟು, ಹೊರಗಿನ ದೀಪ ಇವೆಲ್ಲ ಬೇರೆ ಸಾಲಿನಲ್ಲಿ ಬರುತ್ತವೆ, ಮತ್ತು ಅದರ ಖರ್ಚಿನ ಲೆಕ್ಕವನ್ನು ಮನೆಯೊಡೆಯ ವರ್ಷಕ್ಕೊಮ್ಮೆ ಕೊಡಲೇಬೇಕು. ನಮ್ಮಲ್ಲಿ ಎಷ್ಟು ಜನ ಆ ಲೆಕ್ಕ ಕೇಳಿದ್ದೀರಿ? ಕೈ ಎತ್ತುವುದು ಬೇಡ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿ ಕಡೆಯ ಗಂಡಹೆಂಡತಿ ಕೈಗೂಸಿನೊಂದಿಗೆ ಬಂದರು. ನದಿಗೆ ಮುಖ ಮಾಡಿದ ಮೊದಲ ಅಂತಸ್ತಿನ ಮನೆ ಸಿಕ್ಕಿತ್ತು, ಸುತ್ತಲಿನ ಮನೆಗಳಿಗಿಂತ ಬಾಡಿಗೆ ಮುನ್ನೂರು ಯೂರೋ ಕಡಿಮೆ. ಒಂದೇ ಷರತ್ತು: ಆ ವಿಳಾಸದಲ್ಲಿ ನಗರಸಭೆಯಲ್ಲಿ ಹೆಸರು ಬರೆಸುವಂತಿಲ್ಲ. "ಅವರೇನೋ ಟ್ಯಾಕ್ಸಿನ ತೊಂದರೆ ಅಂದ್ರು ಸಾರ್, ಒಳ್ಳೆ ಮನುಷ್ಯ, ನಮಗ ಯಾಕ ಬೇಕು ಅವರ ಉಸಾಬರಿ" ಎಂದರು ಹುಡುಗ. ಆ ಹೊತ್ತಿಗೆ ಎರಡು ತಿಂಗಳ ಠೇವಣಿ, ಒಂದು ತಿಂಗಳ ಬಾಡಿಗೆ ಕೊಟ್ಟಾಗಿತ್ತು.

ನಾಲ್ಕು ತಿಂಗಳಿಗಿಂತ ಹೆಚ್ಚು ಕಾಲ ಇರಲು ಬಂದವರು ಐದು ದಿನದೊಳಗೆ ನಗರಸಭೆಗೆ ಹೋಗಿ ನಿವಾಸಿಯೆಂದು ಹೆಸರು ಬರೆಸಬೇಕು. ಇದು ನಮ್ಮ ಕರ್ತವ್ಯ; ಬೇಡವೆನ್ನುವ ಅಧಿಕಾರ ಮನೆಯೊಡೆಯನಿಗಿಲ್ಲ. ಬಿ.ಎಸ್.ಎನ್. ಎಂಬ ನಾಗರಿಕ ಸಂಖ್ಯೆ ಸಿಗುವುದು ಅಲ್ಲಿ. ಆ ಸಂಖ್ಯೆ ಕಂಪನಿಗೆ ಕೊಡದಿದ್ದರೆ ಸಂಬಳದಲ್ಲಿ ಶೇಕಡಾ 52ರಂತೆ ತೆರಿಗೆ ಹಿಡಿಯಬೇಕೆಂದು ಕಾನೂನಿದೆ. ಬ್ಯಾಂಕು, ಆರೋಗ್ಯ ವಿಮೆ, ಮಗುವಿನ ಚುಚ್ಚುಮದ್ದಿನ ಕರೆ ಎಲ್ಲವೂ ಆ ಒಂದು ವಿಳಾಸಕ್ಕೆ ಗಂಟು ಬಿದ್ದಿವೆ. ಹಾಗಾದರೆ ಹೆಸರು ಬರೆಸಬೇಡಿ ಎಂದು ಒಬ್ಬ ಹೇಳುವುದೇಕೆ? ಬಹಳ ಸಲ ಆತ ಮನೆಯ ಒಡೆಯನೇ ಆಗಿರುವುದಿಲ್ಲ. ಆತನೂ ಬಾಡಿಗೆದಾರ, ಒಳಬಾಡಿಗೆ ಕೊಟ್ಟು ಮಧ್ಯೆ ದುಡ್ಡು ಮಾಡುತ್ತಿರುತ್ತಾನೆ.

ಇಲ್ಲಿಯೂ ಆದದ್ದು ಅದೇ. ಮೊದಲ ಸಂಬಳ ಅರ್ಧದಷ್ಟೂ ಕೈಗೆ ಬರಲಿಲ್ಲ. ಜನವರಿಯಲ್ಲಿ ನಿಜವಾದ ಒಡೆಯರಿಂದ ನೋಟೀಸು ಬಂತು. "ಒಳ್ಳೆಯ ಮನುಷ್ಯ" ಫೋನು ಎತ್ತುವುದನ್ನು ಬಿಟ್ಟ. ಎಂಟು ತಿಂಗಳ ಕೂಸಿನೊಂದಿಗೆ ಆ ದಂಪತಿಗಳು ಆರು ವಾರ ನಮ್ಮ ಸದಸ್ಯರೊಬ್ಬರ ಮನೆಯ ಅಟ್ಟದ ಕೋಣೆಯಲ್ಲಿದ್ದರು. ಆ ಸದಸ್ಯರು ಈಗ ಇಲ್ಲೇ ಕುಳಿತಿದ್ದಾರೆ. ಹೆಸರು ಹೇಳಿದರೆ ಸಿಟ್ಟು ಮಾಡಿಕೊಳ್ಳುತ್ತಾರೆ. ಠೇವಣಿಯ ಹಣ ಇವತ್ತಿನವರೆಗೂ ಬಂದಿಲ್ಲ.

ಆ ಹುಡುಗ ದಡ್ಡನಲ್ಲ. ನಮ್ಮೂರಿನ ಅಭ್ಯಾಸವನ್ನು ಹೊತ್ತುಕೊಂಡು ಬಂದವನು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಓನರಮ್ಮ ಮಹಡಿಯ ಮೇಲಿಂದ ನಲ್ಲಿ ನಿಲ್ಲಿಸಿದರೂ ಸುಮ್ಮನಿದ್ದು, ಬಿಡುವಾಗ ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡರೂ "ಹೋಗಲಿ ಬಿಡಿ" ಎಂದು ಬರುವವರು ನಾವು. ಓನರಿಗೆ ಬೇಸರವಾಗಬಾರದು ಎಂಬುದು ನಮ್ಮ ಮೊದಲ ಸೂತ್ರ. ಈ ದೇಶದಲ್ಲಿ ಬಾಡಿಗೆದಾರ ಹೊಂದಿಕೊಂಡು ಹೋಗಲಿ ಎಂದು ಯಾರೂ ನಿರೀಕ್ಷಿಸುವುದಿಲ್ಲ, ಓದಿ ಸಹಿ ಹಾಕಲಿ ಎಂದು ನಿರೀಕ್ಷಿಸುತ್ತಾರೆ.

ಕಾನೂನು ಬಾಡಿಗೆದಾರನ ಕಡೆಗೆ ಎಷ್ಟು ವಾಲಿದೆ ಎಂಬುದು ನಮ್ಮವರಿಗೆ ತಿಳಿದಂತಿಲ್ಲ. 2023ರ ಜುಲೈ 1ರಿಂದ ಆದ ಹೊಸ ಕರಾರುಗಳಲ್ಲಿ ಠೇವಣಿ ಎರಡು ತಿಂಗಳ ಬೋಳು ಬಾಡಿಗೆಯನ್ನು ಮೀರುವಂತಿಲ್ಲ. ಮನೆ ಬಿಟ್ಟ ಮೇಲೆ 14 ದಿನದೊಳಗೆ ಅದು ವಾಪಸು ಬರಬೇಕು. ಏನಾದರೂ ಮುರಿದುಕೊಳ್ಳುವುದಿದ್ದರೆ 30 ದಿನದೊಳಗೆ, ಬರಹದಲ್ಲಿ ಲೆಕ್ಕ ಕೊಟ್ಟು. ಮನೆಯೊಡೆಯನ ಪರವಾಗಿ ಕೆಲಸ ಮಾಡುವ ಏಜೆಂಟರು ನಮ್ಮಿಂದ ದಲ್ಲಾಳಿ ಹಣ ಪಡೆಯುವಂತಿಲ್ಲ, ಅದಕ್ಕೆ 'ಕಾಗದಪತ್ರದ ಖರ್ಚು' ಎಂದು ಬೇರೆ ಹೆಸರಿಟ್ಟರೂ ಅಷ್ಟೇ. 2024ರ ಜುಲೈ 1ರಿಂದ ಅವಧಿಯಿಲ್ಲದ ಕರಾರೇ ಸಾಮಾನ್ಯ ನಿಯಮವಾಗಿದೆ. ಒಂದು ವಿನಾಯಿತಿ ನದಿ ದಂಡೆಯ ಬಡಾವಣೆಗಳಲ್ಲಿ ಆಗಾಗ ಎದುರಾಗುತ್ತದೆ: ಒಡೆಯರು ತಾವೇ ವಿದೇಶಕ್ಕೆ ಕೆಲಸಕ್ಕೆ ಹೋಗಿ, ಹಿಂದಿರುಗುವವರೆಗೆ ಸ್ವಂತ ಮನೆಯನ್ನು ಬಾಡಿಗೆಗೆ ಕೊಡುವುದು. ಇದಕ್ಕೆ 'ಡಿಪ್ಲೊಮಾಟ್ ಕಲಂ' ಎನ್ನುತ್ತಾರೆ. ಇದು ಕಾನೂನಿಗೆ ಒಪ್ಪಿತ, ಮನೆಯೂ ಚೆನ್ನಾಗಿಯೇ ಇರುತ್ತದೆ, ಆದರೆ ಅವರು ಬಂದಾಗ ನೀವು ಹೊರಡಬೇಕು. ಮಕ್ಕಳ ಶಾಲೆಯ ಲೆಕ್ಕ ಹಾಕಿ ಸಹಿ ಮಾಡಿ.

ಇನ್ನು ಬಾಡಿಗೆಯ ಮೊತ್ತ. ಇಲ್ಲಿ ಮನೆಗೆ ಅಂಕ ಕೊಡುತ್ತಾರೆ, ಪರೀಕ್ಷೆಯ ಪತ್ರಿಕೆಗೆ ಕೊಟ್ಟಂತೆ. ಎಷ್ಟು ಚದರ ಮೀಟರು, ಅಡುಗೆಮನೆ ಹೇಗಿದೆ, ಶಾಖ ಹಿಡಿದಿಡುವ ದರ್ಜೆ ಯಾವುದು, ಸರಕಾರಿ ಅಂದಾಜು ಬೆಲೆ ಎಷ್ಟು, ಹೀಗೆ. 2024ರ ಜುಲೈ 1ರ ಕಾನೂನಿನ ನಂತರದ ಹೊಸ ಕರಾರುಗಳಲ್ಲಿ 186 ಅಂಕದವರೆಗಿನ ಮನೆಗಳ ಬಾಡಿಗೆಗೆ ಮಿತಿಯಿದೆ. 187 ಆದರೆ ಮಾತ್ರ ಒಡೆಯ ಕೇಳಿದ್ದು. ಸಂದೇಹವಿದ್ದರೆ 'ಹ್ಯೂರ್‌ಕಮಿಸ್ಸಿ' ಎಂಬ ಬಾಡಿಗೆ ನ್ಯಾಯಮಂಡಳಿಗೆ 25 ಯೂರೋ ಕಟ್ಟಿ ದೂರು ಕೊಡಬಹುದು, ಗೆದ್ದರೆ ಅದೂ ವಾಪಸು. ಬಾಡಿಗೆ ಹೆಚ್ಚೆನಿಸಿದರೆ ಕರಾರಿನ ಮೊದಲ ಆರು ತಿಂಗಳೊಳಗೇ ಹೋಗುವುದು ಒಳ್ಳೆಯದು. ದೂರು ಕೊಟ್ಟರೆಂಬ ಕಾರಣಕ್ಕೆ ಯಾರೂ ನಿಮ್ಮನ್ನು ಹೊರಗೆ ಹಾಕಲಾರರು.

ಇದೇ ಸಂದರ್ಭದಲ್ಲಿ, ಸ್ವಲ್ಪ ಖಾರವಾದರೂ, ಒಂದು ಮಾತು. ನಮ್ಮಲ್ಲೂ ಹಲವರು ಈಗ ಇಲ್ಲಿ ಮನೆ ಕೊಂಡು ಬಾಡಿಗೆಗೆ ಕೊಡುತ್ತಿದ್ದೀರಿ, ಸಂತೋಷ. ಆದರೆ ನಮ್ಮವರ ನಡುವೆ ಓಡಾಡುವ ಕೆಲವು ಒಕ್ಕಣೆಗಳನ್ನು ನೋಡಿದ್ದೇನೆ: 'ಸಸ್ಯಾಹಾರಿ ಕುಟುಂಬಕ್ಕೆ ಮಾತ್ರ'. ಫೋನಿನಲ್ಲಿ ಇನ್ನೂ ಮುಂದೆ ಹೋಗಿ "ನೀವು ಯಾವ ಜನ?" ಎಂಬ ವಿಚಾರಣೆ. ಡಚ್ ಏಜೆಂಟ ನಮ್ಮ ಹೆಸರು ಕೇಳಿಯೇ ಮನೆ ಹೋಗಿಬಿಟ್ಟಿತು ಎಂದಾಗ ನಮಗೆ ಎಷ್ಟು ಉರಿಯುತ್ತದೆ! 2023ರ ಆ ಕಾನೂನು ಬಾಡಿಗೆದಾರರನ್ನು ಆರಿಸುವಾಗ ತಾರತಮ್ಯ ಮಾಡಬಾರದೆಂದು ಎಲ್ಲ ಮನೆಯೊಡೆಯರಿಗೂ ಹೇಳಿದೆ, ನಮ್ಮನ್ನು ಬಿಟ್ಟು ಹೇಳಿಲ್ಲ.

ನಿಶ್ಶಬ್ದದ ಬಗ್ಗೆ ಬಹಳ ಹೇಳಬೇಕಿಲ್ಲ, ಎಲ್ಲರಿಗೂ ಅನುಭವವಿದೆ. ಮರದ ಹಾಸಿನ ಮೇಲೆ ನಮ್ಮ ಮಕ್ಕಳು ಓಡಿದರೆ ಕೆಳಗಿನ ಮನೆಯಲ್ಲಿ ಮದ್ದಳೆ ಬಾರಿಸಿದಂತೆ. ಅದಕ್ಕಾಗಿಯೇ ಹಲವು ಫ್ಲ್ಯಾಟುಗಳಲ್ಲಿ ಹಾಸಿನ ಕೆಳಗೆ ಸದ್ದು ಹೀರುವ ಪದರ ಹಾಕಬೇಕೆಂಬ ನಿಯಮವಿದೆ. ನೆಲ ಹಾಕಿಸುವ ಮುಂಚೆಯೇ ಕೇಳಿ ತಿಳಿಯಿರಿ. ನಮ್ಮ ಮನೆಯವರು ಲೆಂಟಿಗೆ ಬಂದ ವಾರವೇ ಎರಡೂ ಪಕ್ಕದವರನ್ನು ಕಾಫಿಗೆ ಕರೆದು, ಮಿಕ್ಸಿ ಹಾಕಿ ತೋರಿಸಿ, ಕುಕ್ಕರು ಕೂಗಿಸಿ, "ಇದು ಬೆಳಿಗ್ಗೆ ಎಂಟಕ್ಕೆ ಮುಂಚೆ ಕೇಳಿಸುವುದಿಲ್ಲ" ಎಂದು ಹೇಳಿ ಕಳಿಸಿದರು. ಎಡಪಕ್ಕದ ಅಜ್ಜಿಗೆ ಒಗ್ಗರಣೆಯ ಘಾಟಿಗೆ ಸೀನು ಬಂತು. ಅಂದಿನಿಂದ ಒಳ್ಳೆಯ ಸ್ನೇಹ.

ಆ ಅಜ್ಜಿಯಿಂದಲೇ ನಮಗೆ ನದಿಯ ಕಥೆ ತಿಳಿದದ್ದು. 1995ರ ಜನವರಿ ಕೊನೆಯಲ್ಲಿ ನೀರು ಏರಿಯ ನೆತ್ತಿಗೆ ಬಂದಾಗ ಈ ನದೀ ಪ್ರದೇಶದಿಂದ ಸುಮಾರು ಎರಡೂವರೆ ಲಕ್ಷ ಜನರನ್ನು ತೆರವು ಮಾಡಿಸಿದರು, ದನಕರುಗಳ ಸಮೇತ. ಏರಿ ಒಡೆಯಲಿಲ್ಲ. ಆದರೂ ಏರಿಯನ್ನು ಎತ್ತರಿಸುತ್ತಲೇ ಹೋದರೆ ಸಾಲದು, ನದಿಗೇ ಜಾಗ ಬಿಟ್ಟುಕೊಡಬೇಕು ಎಂದು ಸರಕಾರ ತೀರ್ಮಾನಿಸಿತು. ಲೆಂಟಿನಲ್ಲಿ ಏರಿಯನ್ನು 350 ಮೀಟರು ಹಿಂದಕ್ಕೆ ಸರಿಸಿ, ಮಧ್ಯೆ ಹೊಸ ಕಾಲುವೆ ತೋಡಿದರು. 2016ರ ಹೊತ್ತಿಗೆ ಕೆಲಸ ಮುಗಿಯಿತು. ಅದಕ್ಕಾಗಿ ಸುಮಾರು ಐವತ್ತು ಮನೆಗಳು ನೆಲಸಮವಾದವು. ಈಗ ನಾವು ಮಕ್ಕಳನ್ನು ಕರೆದುಕೊಂಡು ವಾಯುಸಂಚಾರಕ್ಕೆ ಹೋಗುವ ಜಾಗದಲ್ಲಿ ಯಾರದೋ ಅಡುಗೆಮನೆಯಿತ್ತು. ಅಲ್ಲೊಂದು ತಗ್ಗಿನ ಸೇತುವೆಯಿದೆ. ಪ್ರವಾಹ ಬಂದಾಗ ಅದು ಮುಳುಗಲೆಂದೇ ಕಟ್ಟಿದ್ದು. ನನ್ನ ತಾಯಿ ಊರಿನಿಂದ ಬಂದಿದ್ದಾಗ ಅದನ್ನು ನೋಡಿ, "ಮುಳುಗೋದಕ್ಕೆ ಅಂತ ದುಡ್ಡು ಹಾಕಿ ಸೇತುವೆ ಕಟ್ಟಿದ್ದಾರೇನೋ?" ಎಂದರು. ನಂಜನಗೂಡಿನ ಕಪಿಲೆ ಬೀದಿಗೆ ಬರುವುದನ್ನು ಕಂಡವರು ಅವರು.

ಬಾಡಿಗೆದಾರನಿಗೆ ಇದರಿಂದ ಏನಾಗಬೇಕು ಎನ್ನಬೇಡಿ. ನೀರನ್ನು ನೋಡಿಕೊಳ್ಳುವುದಕ್ಕೆ ಈ ದೇಶದಲ್ಲಿ 'ವಾಟರ್‌ಸ್ಖಾಪ್' ಎಂಬ 21 ಮಂಡಳಿಗಳಿವೆ. ಮನೆ ನಿಮ್ಮದಲ್ಲದಿದ್ದರೂ ತೆರಿಗೆ ನಿಮ್ಮ ಹೆಸರಿಗೇ ಬರುತ್ತದೆ. ಏರಿ, ಕಾಲುವೆಗಳಿಗೆ ಒಂದು, ಬಚ್ಚಲ ನೀರನ್ನು ಶುದ್ಧ ಮಾಡುವುದಕ್ಕೆ ಇನ್ನೊಂದು. ಎರಡನೆಯದರಲ್ಲಿ ಒಬ್ಬರೇ ಇದ್ದರೆ ಒಂದು ಪಾಲು, ಇಬ್ಬರಾದರೆ ಮೂರು, ಐವರಾದರೂ ಮೂರೇ. ಅತ್ತೆ ಮಾವ ಬಂದು ನೆಲೆಸಿದರೂ ಹೆಚ್ಚುವುದಿಲ್ಲ ಎಂಬುದು ಸಮಾಧಾನದ ಸಂಗತಿ. ಮೊದಲ ವರ್ಷ ಈ ಬಿಲ್ಲು ಕಂಡು ಮೋಸದ ಕಾಗದವೆಂದು ಹರಿದು ಹಾಕಿದವರೂ ಇದ್ದಾರೆ. ಹಾಗೆಯೇ, ಮನೆಸಾಮಾನಿನ ಸಾಧಾರಣ ವಿಮೆ ದೊಡ್ಡ ನದಿಯ ಏರಿ ಒಡೆದು ಬರುವ ನೀರಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಆದ್ದರಿಂದ ಪಾಸ್‌ಪೋರ್ಟು, ಮದುವೆ ಪತ್ರ, ಮಕ್ಕಳ ಜನನಪತ್ರಗಳನ್ನು ನೆಲಮಾಳಿಗೆಯಲ್ಲಿ ಇಡಬೇಡಿ.

ತೆರಿಗೆ ಕೊಡುವವರಿಗೆ ಮತವೂ ಇದೆ. ನೀರಿನ ಮಂಡಳಿಗೆ ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ ನಡೆಯುತ್ತದೆ, 2023ರ ಮಾರ್ಚಿನಲ್ಲೂ ನಡೆಯಿತು. ಭಾರತದ ಪಾಸ್‌ಪೋರ್ಟು ಇದ್ದರೂ, ವಾಸದ ಪರವಾನಗಿಯಿರುವ ವಯಸ್ಕರು ಮತ ಹಾಕಬಹುದು. ಮತದ ಚೀಟಿ ಬರುವುದು ಮಾತ್ರ ನಗರಸಭೆಯಲ್ಲಿ ಹೆಸರು ಬರೆಸಿದ ವಿಳಾಸಕ್ಕೆ.

ನಮ್ಮಲ್ಲಿ ಡಚ್ ಓದಬಲ್ಲ ನಾಲ್ವರು ಸದಸ್ಯರು ಒಪ್ಪಿಕೊಂಡಿದ್ದಾರೆ: ಇನ್ನು ಮುಂದೆ ಯಾರೇ ಆಗಲಿ, ಬಾಡಿಗೆ ಕರಾರನ್ನು ಸಹಿ ಹಾಕುವ ಮುಂಚೆ ತಂದರೆ ಕುಳಿತು ಓದಿ ಅರ್ಥ ಹೇಳುತ್ತಾರೆ. ಸಹಿ ಹಾಕಿದ ಮೇಲೂ ತನ್ನಿ, ಆಗ ಕಾಫಿ ನಿಮ್ಮ ಖರ್ಚಿನದು. ಅವರು ಊಟವಾದ ಮೇಲೆ ಹಿಂದಿನ ಮೇಜಿನ ಬಳಿ ಇರುತ್ತಾರೆ. ಎದುರಿನ ಸಾಲಿನಲ್ಲಿ ಈ ತಿಂಗಳೇ ಬಂದ ಎರಡು ಕುಟುಂಬಗಳಿವೆ ಎಂದು ಕಾರ್ಯದರ್ಶಿಗಳು ಚೀಟಿ ಕಳಿಸಿದ್ದಾರೆ. ತಾವು ದಯವಿಟ್ಟು ಮೊದಲು ಅಲ್ಲಿಗೆ ಹೋಗಬೇಕು.