ಸಂತೆಯಲ್ಲಿ ನಿದ್ದೆ

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ಕಟ್ಟಿದವನು ಯಾವ ಊರಿನವನೋ ತಿಳಿಯದು. ಅವನು ಬಾಡಿಗೆ ಕೊಟ್ಟು ಮಲಗಿದವನಂತೂ ಆಗಿರಲಾರ. ಒಂದು ಹಾಸಿಗೆ, ಒಂದು ಫ್ಯಾನು, ಒಂದು ಬಾಗಿಲು, ಇಷ್ಟನ್ನು ಒಂದು ರಾತ್ರಿಯ ಮಟ್ಟಿಗೆ ಹಣ ತೆತ್ತು ತನ್ನದಾಗಿಸಿಕೊಂಡವನಿಗೆ ಸಂತೆಯ ಸದ್ದು ಕೇಳಿಯೇ ಕೇಳುತ್ತದೆ. ಅದರಲ್ಲಿಯೂ ಮರುದಿನ ಬೆಳಗ್ಗೆ ಎಂಟಕ್ಕೆ ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲಬೇಕಾದವನಿಗೆ, ಮಗಳನ್ನು ಕಾಲೇಜಿಗೆ ಸೇರಿಸಲು ಬಂದ ತಂದೆತಾಯಿಗೆ, ಆ ಒಂದು ರಾತ್ರಿ ಕೆಟ್ಟರೆ ಮುಂದಿನ ದಿನವೂ ಕೆಟ್ಟಿತೆಂದೇ ಅರ್ಥ. ಆದ್ದರಿಂದ ರಾತ್ರಿಯೂ ಗಜಿಬಿಜಿಯಾಗಿರುವ ಪೇಟೆಯಲ್ಲಿ, ಹೆಚ್ಚು ಖರ್ಚಿಲ್ಲದೆ, ತಕ್ಕ ಕೋಣೆಯನ್ನು ಹಿಡಿಯುವುದು ಹೇಗೆ ಎಂಬುದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಇದು ಬೊಂಬಾಯಿ ಬೆಂಗಳೂರುಗಳ ಮಾತು, ಉಡುಪಿಗೆ ಇದರಿಂದೇನು ಎಂದು ಕೇಳುವವರು ಇರಬಹುದು. ಪರವೂರಿನವರಿಗೆ ಊಟ ವಸತಿಗಳ ವ್ಯವಸ್ಥೆ ಮಾಡುವುದನ್ನು ಹೊರನಾಡಿಗೆ ಹೋಗಿ ತೋರಿಸಿಕೊಟ್ಟವರು ನಮ್ಮ ಕಡೆಯವರು. ಕೆ. ಕೃಷ್ಣರಾಯರು ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ತೆರೆದದ್ದು 1938ರಲ್ಲಿ. ‘ಬೋರ್ಡಿಂಗ್ ಮತ್ತು ಲಾಡ್ಜಿಂಗ್’ ಎಂಬ ಬೋರ್ಡಿನ ಹಿಂದೆ ಉಡುಪಿಯ ಕಡೆಯ ಒಬ್ಬರಾದರೂ ಇರುತ್ತಾರೆಂಬ ನಂಬಿಕೆ ಬೆಳೆದದ್ದು ಇಂಥವರಿಂದ. ಈಗ ಊರೇ ತಿರುಗಿಬಿದ್ದಿದೆ. ಹೊರನಾಡಿನವರೇ ಇಲ್ಲಿಗೆ ಬಂದು ಕೋಣೆ ಹುಡುಕುತ್ತಾರೆ.

ಅದಕ್ಕೆ ದೊಡ್ಡ ಕಾರಣ ಮಣಿಪಾಲ. ಮಣ್ಣುಪಳ್ಳವೆಂಬ ಕೆರೆಯಿಂದ ಹೆಸರು ಪಡೆದ ಈ ಬೋಳುಗುಡ್ಡದ ಮೇಲೆ ಡಾ. ಟಿ. ಎಂ. ಎ. ಪೈಗಳು 1953ರಲ್ಲಿ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. 1957ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂತು, 1993ರಲ್ಲಿ ವಿಶ್ವವಿದ್ಯಾನಿಲಯದ ಮಾನ್ಯತೆ ಸಿಕ್ಕಿತು. 1997ರಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾದ ಮೇಲೆ ಜಿಲ್ಲಾಧಿಕಾರಿಗಳ ಕಚೇರಿಯೂ ಅಲ್ಲಿಯೇ ನೆಲೆಸಿತು. ಸಾವಿರಾರು ವಿದ್ಯಾರ್ಥಿಗಳಿರುವ ಊರು ಒಂಬತ್ತು ಗಂಟೆಗೆ ದೀಪ ಆರಿಸಿ ಮಲಗುತ್ತದೆಯೆ? ಟೈಗರ್ ಸರ್ಕಲಿನ ಸುತ್ತ ರಾತ್ರಿಯೇ ಹೆಚ್ಚು ಲವಲವಿಕೆ. ಚಹದ ಅಂಗಡಿ, ಊಟದ ಮನೆ, ಬಾರು, ಪಬ್ಬು, ಬೈಕುಗಳ ಸಾಲು, ಸಾಲದ್ದಕ್ಕೆ ಗುಡ್ಡ ಹತ್ತುವ ಹೆದ್ದಾರಿಯ ಲಾರಿಗಳು.

ಅಲ್ಲಿಂದ ಸುಮಾರು ಐದು ಕಿಲೋಮೀಟರು ಇಳಿದರೆ ಉಡುಪಿಯ ರಥಬೀದಿ. ಅಲ್ಲಿಯೂ ರಾತ್ರಿಯುಂಟು, ಆದರೆ ಅದು ಬೇರೆ ಜಾತಿಯದು. ಸಂಜೆಯ ಉತ್ಸವ, ಚಂಡೆ ವಾದ್ಯ, ಅಂಗಡಿಗಳ ಬೆಳಕು. ಹೊತ್ತು ಮೀರಿದ ಮೇಲೆ ಬೀದಿ ತಣ್ಣಗಾಗುತ್ತದೆ. ಬೆಳಗಿನ ಜಾವಕ್ಕೆ ಮತ್ತೆ ಮಠದಲ್ಲಿ ಪೂಜೆ, ಬೀದಿಯಲ್ಲಿ ಜನ. ಮಣಿಪಾಲದ ಸದ್ದು ಮಲಗುವ ಹೊತ್ತಿನದು, ರಥಬೀದಿಯ ಸದ್ದು ಏಳುವ ಹೊತ್ತಿನದು ಎಂದು ಸ್ಥೂಲವಾಗಿ ಹೇಳಬಹುದು. ಬೇಗ ಮಲಗಿ ಬೇಗ ಏಳುವವರಿಗೂ ತಡವಾಗಿ ಮಲಗಿ ತಡವಾಗಿ ಏಳುವವರಿಗೂ ಒಂದೇ ಲಾಡ್ಜು ಹೊಂದುವುದಿಲ್ಲ. ಕೋಣೆಯನ್ನು ಆರಿಸುವವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬಾಡಿಗೆ ಎಷ್ಟು ಎಂಬುದಲ್ಲ, ನಾಳೆ ಬೆಳಗ್ಗೆ ನಾನು ಎಷ್ಟು ಹೊತ್ತಿಗೆ ಎಲ್ಲಿರಬೇಕು ಎಂಬುದು.

ರೋಗಿಯ ಜೊತೆಗೆ ಬಂದವರನ್ನೇ ಮೊದಲು ನೋಡೋಣ. ಅವರಿಗೆ ಆಸ್ಪತ್ರೆಯಿಂದ ನಡೆದು ಹೋಗುವಷ್ಟು ದೂರವೇ ಸರಿ. ನಡುರಾತ್ರಿ ವಾರ್ಡಿನಿಂದ ಕರೆ ಬಂದರೆ ಆಟೋ ಹುಡುಕುವ ಪಾಡು ಬೇಡ. ಸಿಟಿ ಬಸ್ಸುಗಳು ಹಗಲಿಡೀ ಒಂದರ ಹಿಂದೊಂದು ಓಡಿದರೂ ರಾತ್ರಿ ಹೊತ್ತೇರಿದಂತೆ ವಿರಳವಾಗುತ್ತವೆ. ಉಡುಪಿಯಲ್ಲಿ ಮುನ್ನೂರು ರೂಪಾಯಿ ಅಗ್ಗಕ್ಕೆ ಕೋಣೆ ಸಿಕ್ಕಿತೆಂದು ಹಿಗ್ಗಿ, ಎರಡು ಸಲ ಆಟೋದಲ್ಲಿ ಹತ್ತಿ ಇಳಿದರೆ ಉಳಿದ ಹಣ ಅಲ್ಲಿಗೇ ಸಂದಾಯ. ಇಂಥವರು ಮಣಿಪಾಲದಲ್ಲಿಯೇ, ಆದರೆ ಸರ್ಕಲಿನ ಮುಖ ನೋಡದ ಒಳರಸ್ತೆಯ ವಸತಿಗೃಹದಲ್ಲಿ ಇಳಿಯುವುದು ಲೇಸು. ಹತ್ತು ದಿನ ನಿಲ್ಲಬೇಕಾದೀತೆಂದು ಕಂಡರೆ ದಿನದ ಲೆಕ್ಕ ಬಿಟ್ಟು ವಾರದ ಬಾಡಿಗೆ ಮಾತಾಡಬೇಕು. ಅಡಿಗೆಗೆ ಅನುಕೂಲವಿರುವ ಕೋಣೆ ಉಂಟೇ ಎಂದೂ ವಿಚಾರಿಸಬೇಕು.

ಮಕ್ಕಳನ್ನು ಸೇರಿಸಲು ಬಂದ ತಂದೆತಾಯಿಗಳ ಕೆಲಸ ಹಗಲಿನದು. ಅವರಿಗೆ ಉಡುಪಿಯ ಬಸ್ ನಿಲ್ದಾಣಗಳ ಸುತ್ತ ಇರುವ ಮಧ್ಯಮ ದರದ ವಸತಿಗೃಹಗಳು ಸಾಕು. ರೈಲಿನಲ್ಲಿ ಬರುವವರಿಗೂ ಹಾಗೆಯೇ. ಕೊಂಕಣ ರೈಲಿನ ನಿಲ್ದಾಣ ಇಂದ್ರಾಳಿಯಲ್ಲಿರುವುದರಿಂದ ಎರಡು ಊರಿಗೂ ಅದು ನಡುವಿನ ಜಾಗ. ಯಾತ್ರಿಕರಿಗೆ ರಥಬೀದಿಯ ಆಸುಪಾಸಿನ ಯಾತ್ರಿಗೃಹಗಳು ಉತ್ತಮ. ಅಲ್ಲಿ ಸೌಕರ್ಯ ಸರಳ, ನಿಯಮ ಬಿಗಿ. ಬಾಗಿಲು ಹಾಕುವ ಹೊತ್ತನ್ನು ಮೊದಲೇ ಕೇಳಿಕೊಳ್ಳದೆ ಮಲ್ಪೆಯ ಕಡಲು ನೋಡಲು ಹೋಗಿ ತಡವಾದರೆ ಕಾವಲುಗಾರನನ್ನು ಎಬ್ಬಿಸಬೇಕಾಗುತ್ತದೆ. ಇನ್ನು ತಿಂದುಂಡು ಹರಟಿ ಹನ್ನೆರಡು ಗಂಟೆಗೆ ಮಲಗುವ ಹುಡುಗರು ಸರ್ಕಲಿನ ಪಕ್ಕದಲ್ಲೇ ಇಳಿಯಲಿ. ಅವರಿಗೆ ಆ ಸದ್ದು ಸಂಗೀತ. ತಡರಾತ್ರಿ ವಾಹನ ಹಿಡಿಯದೆ ನಡೆದೇ ಕೋಣೆ ಸೇರುವುದು ಅವರಿಗೂ ಕ್ಷೇಮ.

ಗದ್ದಲವೇ ಬೇಡವೆನ್ನುವವರು ದೂರ ಹೋಗಬಹುದು. ತೆಂಕಲಾಗಿ ಹದಿಮೂರು ಕಿಲೋಮೀಟರಿನ ಆಸುಪಾಸಿನಲ್ಲಿ ಕಾಪು; 1901ರಲ್ಲಿ ಕಟ್ಟಿದ ದೀಪಸ್ತಂಭವುಳ್ಳ ಕಡಲ ತೀರ. ಅಲ್ಲಿ ಕೇಳುವುದು ತೆರೆಯ ಸದ್ದು. ಆದರೆ 66ನೆಯ ಹೆದ್ದಾರಿಯ ಅಂಚಿನ ಕೋಣೆ ಹಿಡಿದರೆ ತೆರೆಯ ಬದಲು ಟ್ಯಾಂಕರಿನ ಸದ್ದು. ಒಳನಾಡಿನ ಕಡೆಗೆ ಬಸ್ಸಿನಲ್ಲಿ ಸುಮಾರು ಒಂದು ಗಂಟೆ ಹೋದರೆ ಕಾರ್ಕಳ. 1432ರ ಗೊಮ್ಮಟ, 1586ರ ಚತುರ್ಮುಖ ಬಸದಿ ನೋಡಬೇಕೆಂದಿರುವವರಿಗೆ ಅಲ್ಲಿಯೇ ತಂಗುವುದು ಹಿತ, ಬಾಡಿಗೆಯೂ ಹಗುರ. ಮಣಿಪಾಲದಲ್ಲಿ ಬೆಳಗ್ಗಿನ ಕೆಲಸವಿದ್ದವರು ಮಾತ್ರ ಈ ಎರಡು ಊರುಗಳ ಆಸೆ ಬಿಡಬೇಕು. ಮೌನಕ್ಕಾಗಿ ಅಷ್ಟು ದೂರ ಹೋದವರು ನಸುಕಿನಲ್ಲೆದ್ದು ಬಸ್ಸು ಹಿಡಿಯುವುದರಲ್ಲಿ ಆ ನಿದ್ದೆಯನ್ನು ಕಳೆದುಕೊಳ್ಳುತ್ತಾರೆ.

ಪಂಚಾಂಗ ನೋಡದೆ ನಮ್ಮ ಜಿಲ್ಲೆಯಲ್ಲಿ ಕೋಣೆ ಕೇಳಬಾರದು. ಇಸವಿ ಸಮಸಂಖ್ಯೆಯದಾದರೆ ಜನವರಿ 17ರ ರಾತ್ರಿ ಉಡುಪಿಗೆ ನಿದ್ದೆಯೇ ಇಲ್ಲ. ಪರ್ಯಾಯ ಪೀಠವನ್ನೇರುವ ಸ್ವಾಮಿಗಳು ಕಾಪುವಿನ ದಂಡತೀರ್ಥದಲ್ಲಿ ಮಿಂದು ಬಂದು, ಜೋಡುಕಟ್ಟೆಯಿಂದ ಮೆರವಣಿಗೆ ಹೊರಟು, 18ರ ಬೆಳಕು ಹರಿಯುವ ಮುನ್ನ ರಥಬೀದಿ ಸೇರುತ್ತಾರೆ. ಆ ರಾತ್ರಿ ಕೋಣೆ ಸಿಕ್ಕಿದವನು ಪುಣ್ಯವಂತ, ಮಲಗಲು ಹೊರಟವನು ಅಮಾಯಕ. ಪ್ರತಿವರ್ಷ ಮಕರಸಂಕ್ರಾಂತಿಯ ಇರುಳು ಮೂರು ತೇರು. ಕೃಷ್ಣಾಷ್ಟಮಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಉಡುಪಿಯ ಮಠದಲ್ಲಿ ಅದು ಸೌರಮಾನದ ಲೆಕ್ಕ. 2025ರಲ್ಲಿ ದೇಶದ ಬಹುಭಾಗದಲ್ಲಿ ಆಗಸ್ಟ್ ಮಧ್ಯದಲ್ಲಿ ಕಳೆದುಹೋದ ಅಷ್ಟಮಿ ಇಲ್ಲಿಗೆ ಬಂದದ್ದು ಸೆಪ್ಟೆಂಬರ್ ಮಧ್ಯಕ್ಕೆ. ಗೋಡೆಯ ಕ್ಯಾಲೆಂಡರು ನಂಬಿ ಬಂದವನು ವಿಟ್ಲಪಿಂಡಿಯ ಹುಲಿವೇಷ ಕಾಣದೆ ಹೋಗಬಹುದು, ಗದ್ದಲ ತಪ್ಪಿಸಿಕೊಂಡೆನೆಂದುಕೊಂಡವನು ಅದರ ನಡುವೆಯೇ ಇಳಿಯಬಹುದು. ಕಾರ್ಕಳದಲ್ಲಿ ಜನವರಿಯ ಕೊನೆಯ ಅತ್ತೂರು ಜಾತ್ರೆ, ಕಾಪುವಿನಲ್ಲಿ ಸುಗ್ಗಿ ಮಾರಿಪೂಜೆ, ಮಣಿಪಾಲದಲ್ಲಿ ಪ್ರವೇಶದ ಕಾಲ, ಪದವಿದಾನದ ದಿನಗಳು: ಇವೆಲ್ಲ ಬಾಡಿಗೆ ಏರುವ, ಕೋಣೆ ಸಿಗದ ಹೊತ್ತುಗಳು.

ಊರು ನಿಶ್ಚಯವಾದ ಮೇಲೆ ಕೋಣೆಯ ಮಾತು. ಸಾವಿರ ರೂಪಾಯಿಯ ಹತ್ತಿರದ್ದನ್ನು ಅಗ್ಗದ್ದೆಂದೂ ಎರಡರಿಂದ ಮೂರು ಸಾವಿರದ್ದನ್ನು ಮಧ್ಯಮದ್ದೆಂದೂ ಇಟ್ಟುಕೊಳ್ಳೋಣ. ಈ ಎರಡರ ನಡುವಿನ ಅಂತರ ಅನೇಕ ವೇಳೆ ಸೋಫಾ ಟಿ.ವಿ.ಗಳಲ್ಲಿ ಕಾಣುತ್ತದೆ, ನಿದ್ದೆಗೆ ಬೇಕಾದದ್ದು ಅದಲ್ಲ. ಮೊಬೈಲಿನಲ್ಲಿ ಕಾಣುವ ಚಿತ್ರ ಕೋಣೆಯನ್ನು ಅಗಲ ಮಾಡಿ ತೋರಿಸಬಲ್ಲುದು, ಸದ್ದನ್ನು ತೋರಿಸಲಾರದು. ಆದ್ದರಿಂದ ಮುಂಗಡ ಕೊಡುವ ಮೊದಲು ದೂರವಾಣಿ ಮಾಡಿ ನೇರವಾಗಿ ಕೇಳಬೇಕು. ಕೋಣೆ ರಸ್ತೆಯ ಕಡೆಗೋ ಹಿಂದುಗಡೆಗೋ? ಕೆಳಗೆ ಬಾರು ಅಥವಾ ಹೋಟೆಲು ಉಂಟೋ? ಹೋಟೆಲಿನ ಮೇಲಣ ಕೋಣೆಯಲ್ಲಿ ಊಟಕ್ಕೆ ಅನುಕೂಲ ಹೌದು, ಆದರೆ ನಸುಕಿನಲ್ಲೇ ದೋಸೆಹಿಟ್ಟಿನ ಗ್ರೈಂಡರು ಸುಪ್ರಭಾತ ಹಾಡುತ್ತದೆ. ಲಿಫ್ಟಿನ ಪಕ್ಕ, ಜನರೇಟರಿನ ಎದುರು, ಮದುವೆ ಹಾಲಿನ ಬೆನ್ನಿಗೆ ಇರುವ ಕೋಣೆ ಬೇಡ. ತಗಡಿನ ಮಾಡಿಗೆ ತಾಗಿದ ಮೇಲಂತಸ್ತು ಮಳೆಗಾಲದಲ್ಲಿ ಬೇಡವೇ ಬೇಡ; ನಮ್ಮ ಆಷಾಢದ ಮಳೆ ತಗಡಿನ ಮೇಲೆ ಬಿದ್ದರೆ ಪಕ್ಕದವರ ಮಾತು ಕೇಳಿಸದು.

ಮಳೆಗಾಲದಲ್ಲಿ ಇನ್ನೊಂದು ಪರೀಕ್ಷೆ ಮೂಗಿನದು. ಬಾಗಿಲು ತೆರೆದೊಡನೆ ಮುಗ್ಗುಲು ವಾಸನೆ ಬಂದರೆ ಹಾಸಿಗೆಗೆ ಬಿಸಿಲು ತಾಗಿಲ್ಲವೆಂದು ತಿಳಿಯಬೇಕು. ಏಪ್ರಿಲ್ ಮೇ ತಿಂಗಳಲ್ಲಿ ಪರೀಕ್ಷೆ ನಲ್ಲಿಯದು. ಉಡುಪಿ ನಗರಕ್ಕೆ ನೀರು ಬರುವುದು ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ. ಬೇಸಿಗೆಯಲ್ಲಿ ಹೊಳೆ ಬತ್ತಿದರೆ ಲಾಡ್ಜಿನ ಟ್ಯಾಂಕಿಯೂ ಬತ್ತುತ್ತದೆ. ಒಂಟಿಯಾಗಿ ಬಂದ ಹೆಂಗಸರು ಒಳಚಿಲಕ ಗಟ್ಟಿಯಾಗಿ ಬೀಳುತ್ತದೆಯೇ, ಮೆಟ್ಟಿಲ ಹಾದಿಯಲ್ಲಿ ದೀಪ ಉರಿಯುತ್ತದೆಯೇ, ರಾತ್ರಿಯಿಡೀ ಕೌಂಟರಿನಲ್ಲಿ ಜನ ಇರುತ್ತಾರೆಯೇ ಎಂಬ ಮೂರನ್ನು ನೋಡಿಯೇ ಸಾಮಾನು ಇಳಿಸಬೇಕು. ತೃಪ್ತಿಯಾಗದಿದ್ದರೆ ಬೇಡವೆಂದು ಹೊರಟುಬರಲು ಸಂಕೋಚಪಡಬಾರದು. ಕತ್ತಲಾಗುವ ಮೊದಲೇ ಕೋಣೆ ನೋಡುವುದು ಇದಕ್ಕಾಗಿಯೇ. ರಾತ್ರಿ ಹನ್ನೊಂದಕ್ಕೆ ಬಂದವನಿಗೆ ಆಯ್ಕೆ ಎಲ್ಲಿಯದು?

ಹೊತ್ತಿನ ಲೆಕ್ಕದಲ್ಲಿ ಮೋಸ ಹೋಗುವವರೂ ಬಹಳ. ಬೆಂಗಳೂರಿನ ರಾತ್ರಿ ಬಸ್ಸು ನಸುಕಿಗೆ ಉಡುಪಿ ಮುಟ್ಟಿಸುತ್ತದೆ. ಕೆಲವೆಡೆ ಒಳಬಂದ ಗಳಿಗೆಯಿಂದ ಇಪ್ಪತ್ತನಾಲ್ಕು ಗಂಟೆ ಒಂದು ದಿನ. ಕೆಲವೆಡೆ ದಿನವೆಂದರೆ ಮಧ್ಯಾಹ್ನ ಹನ್ನೆರಡರಿಂದ ಮರುದಿನದ ಹನ್ನೊಂದರವರೆಗೆ. ಈ ಎರಡನೆಯ ಲೆಕ್ಕದವರಲ್ಲಿ ಬೆಳಗ್ಗೆ ಆರಕ್ಕೆ ಇಳಿದವನಿಗೆ, ಒಂದು ರಾತ್ರಿ ಮಲಗಿ, ಎರಡು ದಿನದ ಬಿಲ್ಲು ಬಂದೀತು. ದಿನಕ್ಕೆ ಒಂಬೈನೂರರ ಕೋಣೆ ಹಾಗೆ ಸಾವಿರದ ಎಂಟುನೂರಾದರೆ, ಇಪ್ಪತ್ತನಾಲ್ಕು ಗಂಟೆಯ ಲೆಕ್ಕದ ಸಾವಿರದ ಮುನ್ನೂರರ ಕೋಣೆಯೇ ಅಗ್ಗ. ತೆರಿಗೆಯನ್ನೂ ಗಮನಿಸಬೇಕು. ದಿನಕ್ಕೆ 7,500 ರೂಪಾಯಿಯವರೆಗಿನ ಕೋಣೆಗಳ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12ರಿಂದ 5ಕ್ಕೆ ಇಳಿಯಿತು. ಎರಡು ಸಾವಿರದ ಕೋಣೆಗೆ ಮೊದಲು 240 ತೆತ್ತವರು ಆ ದರದಲ್ಲಿ ತೆರಬೇಕಾದದ್ದು 100. ಹೇಳಿದ ಬಾಡಿಗೆಯಲ್ಲಿ ತೆರಿಗೆ ಸೇರಿದೆಯೇ ಎಂದು ಕೇಳಿ, ರಸೀದಿ ಪಡೆಯುವುದು ಒಳ್ಳೆಯದು. ತಂಗುವ ಪ್ರತಿಯೊಬ್ಬರ ಗುರುತಿನ ಚೀಟಿಯನ್ನೂ ಕೇಳುತ್ತಾರೆ. ಅಜ್ಜಿಯದು ಮನೆಯಲ್ಲಿ ಉಳಿಯಿತೆಂದು ಕೌಂಟರಿನ ಮುಂದೆ ಪೇಚಾಡುವ ಸಂಸಾರಗಳು ಎಷ್ಟೋ.

ಇಷ್ಟೆಲ್ಲ ನೋಡಿಯೂ ಸದ್ದು ಬಂದರೆ? ಮೊದಲು ಮ್ಯಾನೇಜರಿಗೆ ಹೇಳಿ ಹಿಂಬದಿಯ ಕೋಣೆಗೆ ಬದಲಾಯಿಸಿಕೊಳ್ಳಬೇಕು. ನಯವಾಗಿ ಕೇಳಿದರೆ ಬಹುಮಟ್ಟಿಗೆ ಆಗುವ ಕೆಲಸ. ಕಾನೂನೂ ಉಂಟು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು; ಹಬ್ಬಹರಿದಿನಗಳಿಗೆಂದು ಸರಕಾರ ವರ್ಷದಲ್ಲಿ ಹದಿನೈದು ದಿನಗಳಿಗೆ ಮೀರದಂತೆ ನಡುರಾತ್ರಿಯವರೆಗೆ ಸಡಿಲಿಸಬಹುದು. ವ್ಯಾಪಾರದ ಬೀದಿಯಲ್ಲಿ ರಾತ್ರಿಯ ಮಿತಿ 55 ಡೆಸಿಬೆಲ್, ವಾಸದ ಬೀದಿಯಲ್ಲಿ 45. ಆಸ್ಪತ್ರೆ ಶಾಲೆಗಳ ಸುತ್ತ ನೂರು ಮೀಟರು ನಿಶ್ಶಬ್ದ ವಲಯ. ಮಿತಿ ಮೀರಿದರೆ 112ಕ್ಕೆ ಕರೆ ಮಾಡಬಹುದು.

ಆದರೆ ಸದ್ದು ಯಾವಾಗಲೂ ಬೀದಿಯಿಂದಲೇ ಬರುವುದಿಲ್ಲ. ಹನ್ನೆರಡು ಗಂಟೆಗೆ ಓಣಿಯಲ್ಲಿ ನಗುತ್ತ ಬಂದು ಬಾಗಿಲು ದಡಾರನೆ ಹಾಕುವವನೂ ಕೋಣೆ ಹಿಡಿದ ಅತಿಥಿಯೇ. ಪಕ್ಕದ ಕೋಣೆಯಲ್ಲಿ ನಾಳೆ ಶಸ್ತ್ರಚಿಕಿತ್ಸೆಯಾಗಲಿರುವ ಮಗುವಿನ ತಾಯಿ ಮಲಗಿರಬಹುದು. ಎದುರುಗಡೆ ಪರೀಕ್ಷೆಗೆ ಓದುವ ಹುಡುಗ ಆಗತಾನೆ ದೀಪ ಆರಿಸಿರಬಹುದು. ಕಿಟಕಿಯಾಚೆಗೆ, ಪೇಟೆ ಬರುವ ಮೊದಲಿನಿಂದಲೂ ಅಲ್ಲಿಯೇ ಬಾಳಿದ ಮನೆಗಳುಂಟು. ಅವರು ಬೇಡವೆಂದರೆ ಬೇರೆ ಕೋಣೆಗೆ ಹೋಗುವಂತಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಖರ್ಚಿನ ವಿಷಯ. ಪರವೂರಿನಲ್ಲಿ ಹಾಸಿಗೆ ಎಲ್ಲಿ ಹಾಸಿದೆ ಎಂಬುದನ್ನೂ ನೋಡಿ ಕಾಲು ಚಾಚಬೇಕು. ನಾಳಿನ ಕೆಲಸ ಎಲ್ಲಿ, ಇಂದಿನ ಹಬ್ಬ ಯಾವುದು, ಕಿಟಕಿ ಯಾವ ಕಡೆಗೆ, ದಿನದ ಲೆಕ್ಕ ಹೇಗೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೆ ಬಾಡಿಗೆಯ ಮಾತಿಗೆ ಇಳಿದರೆ, ಅಗ್ಗದ ಕೋಣೆಯಲ್ಲಿಯೂ ಮಧ್ಯಮದ ಕೋಣೆಯಲ್ಲಿಯೂ, ಸಂತೆಯ ನಡುವೆಯೂ ಕಣ್ಣು ಮುಚ್ಚೀತು.