ಹ್ಯಾಮ್ಲೆಟ್ಟನ ಮನಸ್ಸಿನ ಹೊಯ್ದಾಟ

ಷೇಕ್ಸ್‌ಪಿಯರ್ ಮಹಾಕವಿಯ ರುದ್ರನಾಟಕಗಳಲ್ಲಿ ಹ್ಯಾಮ್ಲೆಟ್ಟಿನಷ್ಟು ಚರ್ಚೆಗೆ ಈಡಾದ ಕೃತಿಗಳು ವಿರಳ. 1600ರ ಸುಮಾರಿಗೆ ರಚಿತವಾಗಿ 1603ರಲ್ಲಿ ಮೊದಲು ಅಚ್ಚಾದ ಈ ನಾಟಕವನ್ನು ಓದಿದಾಗಲೆಲ್ಲ ನಾವು ಒಂದೇ ಪ್ರಶ್ನೆಯನ್ನು ಕೇಳುತ್ತೇವೆ: ತಂದೆಯನ್ನು ಕೊಂದ ಚಿಕ್ಕಪ್ಪನು ಎದುರಿಗೇ ಸಿಂಹಾಸನವೇರಿ ಕುಳಿತಿರಲಾಗಿ, ಈ ಅರಸುಕುವರನು ತಡಮಾಡಿದುದೇಕೆ?

ಇವನು ಕೈಲಾಗದವನೆಂದು ಹೇಳಿಬಿಡುವುದು ಸುಲಭ. ನಾಟಕವು ಅದನ್ನು ಒಪ್ಪುವುದಿಲ್ಲ. ಗೆಳೆಯರು ತಡೆದರೂ ಪ್ರೇತದ ಹಿಂದೆ ಕತ್ತಲೆಗೆ ನಡೆದವನು ಇವನೇ. ಕಡಲುಗಳ್ಳರ ಹಡಗಿಗೆ ಒಬ್ಬನೇ ಹಾರಿದವನೂ ಇವನೇ. ಯೋಚನೆಗೆ ಎಡೆಯಿಲ್ಲದ ಗಳಿಗೆಯಲ್ಲಿ ಇವನ ಕೈ ಮಿಂಚಿನಂತೆ ಓಡುತ್ತದೆ. ಯೋಚನೆಗೆ ಬಿಡುವು ದೊರೆತೊಡನೆ ಆ ಕೈಯೇ ಕಟ್ಟಿಹೋಗುತ್ತದೆ.

ಮೂರನೆಯ ಅಂಕದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಕಂಡ ಪ್ರೇತವು ಸೈತಾನನ ಮಾಯೆಯಾಗಿರಬಹುದೆಂಬ ಸಂದೇಹ ಅವನಿಗಿತ್ತು. ವಿಟೆನ್‌ಬರ್ಗಿನಲ್ಲಿ ಓದಿದವನಿಗೆ ಅದು ತಕ್ಕ ಸಂದೇಹವೇ ಸರಿ. ನಟರಿಂದ ಕೊಲೆಯ ಆಟವನ್ನಾಡಿಸಿ, ಅರಸನು ಕಂಗೆಟ್ಟು ಎದ್ದುದನ್ನು ಕಂಡು, ಆ ಸಂದೇಹವನ್ನು ನೀಗಿಕೊಂಡನು. ಅದೇ ರಾತ್ರಿ ಕ್ಲಾಡಿಯಸ್ ಏಕಾಂಗಿಯಾಗಿ ಮೊಣಕಾಲೂರಿ ಪ್ರಾರ್ಥಿಸುತ್ತಿರುವುದು ಅವನ ಕಣ್ಣಿಗೆ ಬೀಳುತ್ತದೆ. ಕತ್ತಿಯನ್ನು ಹಿರಿಯುತ್ತಾನೆ, ಆದರೆ ಪ್ರಾರ್ಥನೆಯಲ್ಲಿ ಮಡಿದವನು ಸ್ವರ್ಗವನ್ನು ಸೇರಿಬಿಟ್ಟಾನೆಂದು ಎಣಿಸಿ ಅದನ್ನು ಮತ್ತೆ ಒರೆಗೆ ಸೇರಿಸುತ್ತಾನೆ. ಈ ಮಾತು ಓದಲಾಗದಷ್ಟು ಘೋರವೆಂದು ಡಾಕ್ಟರ್ ಜಾನ್ಸನ್ 1765ರಲ್ಲಿ ಬರೆದರು. ಇದು ಹಿಂಜರಿಯುವ ಮನಸ್ಸಿನ ಲಕ್ಷಣವೆಂದು ಕೋಲ್‌ರಿಜ್ ಕವಿಯ ಮತ. ನಮಗಾದರೋ ಎರಡೂ ನಿಜವೆಂದು ತೋರುತ್ತದೆ. ನೆಪವನ್ನು ಹೆಣೆಯುವ ಬುದ್ಧಿಯು ಆ ನೆಪ ಎಷ್ಟು ಕ್ರೂರವಾಯಿತೆಂಬುದನ್ನು ಗಮನಿಸುವುದಿಲ್ಲ.

ಹ್ಯಾಮ್ಲೆಟ್ ಅತ್ತ ಮರೆಯಾದೊಡನೆ ಅರಸನು ಎದ್ದು, ತನ್ನ ಪ್ರಾರ್ಥನೆ ಬರಿಯ ಬಾಯಿಮಾತೆಂದು ಒಪ್ಪಿಕೊಳ್ಳುತ್ತಾನೆ. ಕತ್ತಿಯನ್ನು ತಡೆದ ಕಾರಣವೇ ಸುಳ್ಳಾಗಿತ್ತು.

ಆ ಗಳಿಗೆಯವರೆಗೆ ಈ ಪಾಪಕ್ಕೆ ಬಲಿಯಾದವನು ಹಿರಿಯ ಅರಸನೊಬ್ಬನೇ. ಆಮೇಲೆ ತೆರೆಯ ಹಿಂದೆ ಪೊಲೋನಿಯಸ್, ನೀರಿನಲ್ಲಿ ಒಫೀಲಿಯ, ಇಂಗ್ಲೆಂಡಿನಲ್ಲಿ ಇಬ್ಬರು ಬಾಲ್ಯದ ಗೆಳೆಯರು. ಕೊನೆಗೆ ತಾಯಿ, ಚಿಕ್ಕಪ್ಪ, ಲೇಯರ್ಟೀಸ್, ತಾನು. ಒಟ್ಟು 8 ಮಂದಿ. ಆ ರಾತ್ರಿ ಅವರಲ್ಲಿ ದಂಡನೆಗೆ ಅರ್ಹನಾಗಿದ್ದವನು ಒಬ್ಬನೇ.

ಕುರುಕ್ಷೇತ್ರದಲ್ಲಿ ಅರ್ಜುನನೂ ಬಿಲ್ಲನ್ನು ಕೆಳಗಿಟ್ಟನು. ಆದರೆ ಅವನ ರಥದಲ್ಲಿ ಸಾರಥಿಯಿದ್ದನು. ಹ್ಯಾಮ್ಲೆಟ್ಟನಿಗೆ ಹೊರೇಷಿಯೋ ಎಂಬ ನಿಷ್ಠಾವಂತ ಮಿತ್ರನುಂಟು. ಪಾರ್ಥನಿಗೆ ದೊರೆತಂತಹ ನಿಶ್ಚಯವನ್ನು ಆತನು ಕೊಡಲಾರ. ಆದಕಾರಣ ಅರಸುಕುವರನು ತನ್ನ ಪ್ರಶ್ನೆಯನ್ನು ತನ್ನನ್ನೇ ಕೇಳಿಕೊಳ್ಳಬೇಕಾಯಿತು. ಅವನ ಸ್ವಗತಗಳು ಅಷ್ಟು ದೀರ್ಘವಾದುದು ಅದರಿಂದಲೇ.

ತರಗತಿಯಲ್ಲಿ ವರ್ಷವರ್ಷವೂ ನಾವು ಈ ಅರಸುಕುವರನ ದೋಷವನ್ನು ನಿರಾಯಾಸವಾಗಿ ವಿವರಿಸುತ್ತೇವೆ. ಆದರೆ ಮಾಡಲೇಬೇಕಾದ ಕಠಿನ ಕಾರ್ಯವೊಂದನ್ನು ಸೊಗಸಾದ ಕಾರಣ ಹೇಳಿ ನಾಳೆಗೆ ನೂಕದವರು ಓದಿದವರಾದ ನಮ್ಮಲ್ಲಿ ಯಾರಿದ್ದಾರೆ? ಸಾಕ್ಷ್ಯ ದೊರೆಯುವವರೆಗೆ ಹ್ಯಾಮ್ಲೆಟ್ ಕಾದುದು ನ್ಯಾಯವೇ. ದೊರೆತ ಮೇಲೆ ಕಾದುದಕ್ಕೆ ಬೆಲೆ ತೆತ್ತವರಲ್ಲಿ ಒಫೀಲಿಯಳೂ ಒಬ್ಬಳು. ನಮ್ಮ ತಡದ ಬೆಲೆಯನ್ನು ಯಾರು ತೆರುತ್ತಿರುವರೋ, ನಾವು ಕೇಳಿ ನೋಡಿಲ್ಲ.